ಹಲ್ಲೆಣಿಸುವ ವಿದ್ಯೆ

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಎತ್ತು ಕೊಳ್ಳಲು ಬಂದವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ನನ್ನ ಸೋದರಮಾವ ಅದೇ ಗತ್ತಿನಲ್ಲಿ ಗೇರಿನ ಹಲ್ಲು ಎಣಿಸುತ್ತಿದ್ದರು. ದೊಡ್ಡಬಳ್ಳಾಪುರದ ಮಗ್ಗದ ಬೀದಿಯೊಂದರ ಕೊನೆಗೆ ಅವರ ವರ್ಕ್‌ಶಾಪು. ಎರಡೂ ಪಕ್ಕ ಪವರ್‌ಲೂಮುಗಳ ಲಟಪಟ. ನಡುವೆ ತಗಡಿನ ಚಾವಣಿ, ಎಣ್ಣೆ ಕುಡಿದು ಕುಡಿದು ಕಪ್ಪಾದ ನೆಲ, ಮೂಲೆಯಲ್ಲಿ ಹರಿಹರದ ಲೇತು.

ಅದರ ಮೈಮೇಲೆ ಎರಕದಲ್ಲೇ ಮೂಡಿದ್ದ ಕಿರ್ಲೋಸ್ಕರ್ ಎಂಬ ಅಕ್ಷರಗಳನ್ನು ಬೆರಳಾಡಿಸಿ ಓದಬಹುದಿತ್ತು. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಸೈಕಲ್ ಅಂಗಡಿಯಿಂದ ಕಬ್ಬಿಣದ ನೇಗಿಲಿಗೆ ಬಂದವರು. ಅವರ ಮನೆತನದ ಉದ್ಯಮ 1941ರಲ್ಲಿ ಹರಿಹರಕ್ಕೆ ಬಂದು ಮೈಸೂರು ಕಿರ್ಲೋಸ್ಕರ್ ಆಯಿತು. ಆ ಕಾರ್ಖಾನೆ ಈಗ ಮುಚ್ಚಿದೆ. ಅದರ ಲೇತುಗಳು ಮಾತ್ರ ಅಷ್ಟು ಸುಲಭಕ್ಕೆ ಸಾಯುವಂಥವಲ್ಲ.

ಲೇತಿನ ಚೆಲುವು ಅದರ ಎಡಗಡೆಯ ಮುಚ್ಚಳ ತೆಗೆದಾಗ ಕಾಣುತ್ತಿತ್ತು. ಒಂದಕ್ಕೊಂದು ಹಲ್ಲು ಕಚ್ಚಿಕೊಂಡ ಗೇರುಗಳ ಸಂಸಾರ. ಯಾವ ಥ್ರೆಡ್ ಬೇಕೋ ಅದಕ್ಕೆ ತಕ್ಕ ಗೇರು ಹುಡುಕಿ ಕೂರಿಸಬೇಕು. ಕೂರಿಸುವಾಗ ಮಾವ ಹಳೇ ಪೇಪರಿನ ಪಟ್ಟಿಯೊಂದನ್ನು ಹಲ್ಲುಗಳ ನಡುವೆ ಇಟ್ಟು, ಬೋಲ್ಟು ಬಿಗಿದು, ಆಮೇಲೆ ಕಾಗದ ಎಳೆದುಬಿಡುತ್ತಿದ್ದರು. ಆ ಕಾಗದದ ದಪ್ಪವೇ ಹಲ್ಲುಗಳಿಗೆ ಉಸಿರಾಡುವ ಜಾಗ. ತೀರಾ ಬಿಗಿದರೆ ಕೂಗುತ್ತವೆ, ಸಡಿಲವಾದರೆ ಬಡಿಯುತ್ತವೆ.

ಲೇತಿನ ಉದ್ದನೆಯ ತಿರುಪು, ಲೀಡ್‌ಸ್ಕ್ರೂ, ಇಂಚಿನ ಲೆಕ್ಕದ್ದು. ನಾಡು 1956ರ ಕಾಯ್ದೆಯಿಂದ ಮೀಟರಿನ ಕಡೆಗೆ ಹೊರಳಿತು, ಲೇತು ಹೊರಳಲಿಲ್ಲ. ಅದಕ್ಕೊಂದು ಉಪಾಯವಿತ್ತು. ಒಂದು ಇಂಚಿಗೆ 25.4 ಮಿಲಿಮೀಟರು, ಐದು ಇಂಚಿಗೆ ಸರಿಯಾಗಿ 127. ಆ 127 ಹಲ್ಲಿನ ಒಂದೇ ಒಂದು ಗೇರು ಜೊತೆಗೆ ಸೇರಿದರೆ, ಇಂಚಿನ ಲೇತು ಮಿಲಿಮೀಟರಿನ ಥ್ರೆಡ್ಡನ್ನು ಕೂದಲೆಳೆ ತಪ್ಪದೆ ಹಾಕುತ್ತದೆ. 127 ಒಂದನ್ನೂ ತನ್ನನ್ನೂ ಬಿಟ್ಟರೆ ಯಾವ ಸಂಖ್ಯೆಗೂ ಭಾಗವಾಗದ ಹಟಮಾರಿ. ಹಾಗಾಗಿ ಚಿಕ್ಕ ಗೇರಿನಲ್ಲಿ ಸುಧಾರಿಸಿಕೊಳ್ಳುತ್ತೇನೆಂದರೆ ಆಗದು. ಎರಡು ಅಳತೆಗಳ ನಡುವೆ ದುಭಾಷಿಯಂತೆ ನಿಂತ ಆ ಗೇರನ್ನು ಮಾವ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು.

ರಿಪೇರಿಗೆ ಬರುತ್ತಿದ್ದ ಎಂಜಿನ್ನುಗಳಲ್ಲಿ ಅವರಿಗೆ ಅಚ್ಚುಮೆಚ್ಚು ಲಿಸ್ಟರ್ ಜಾತಿಯದು. ಹುಟ್ಟಿದ್ದು ಇಂಗ್ಲೆಂಡಿನ ಡರ್ಸ್ಲಿಯಲ್ಲಿ. ರಾಜ್‌ಕೋಟಿನವರು ಅದನ್ನೇ ಅಚ್ಚು ಹೊಡೆದಂತೆ ಎರಕ ಹೊಯ್ದು ದೇಶಕ್ಕೆಲ್ಲ ಹಂಚಿದರು. ಒಂದೇ ಸಿಲಿಂಡರು, ಆರು ಎಚ್‌ಪಿ, ಎರಡು ಪಕ್ಕಕ್ಕೂ ಗಾಣದ ಕಲ್ಲಿನಷ್ಟು ಗಂಭೀರವಾದ ಫ್ಲೈವೀಲು. ನಿಮಿಷಕ್ಕೆ 650 ಸುತ್ತು, ಎರಡು ಸುತ್ತಿಗೊಂದು ಸಿಡಿತ. ಅಂದರೆ ಸೆಕೆಂಡಿಗೆ ಐದಕ್ಕಿಂತ ಚೂರು ಹೆಚ್ಚು. ತಮಟೆಯ ಏಟಿನಂತೆ ಕಿವಿ ಹಿಡಿಯಬಲ್ಲ ನಡೆ ಅದು. ಒಂದು ಏಟು ತಪ್ಪಿದರೆ ಹೊಲದಾಚೆ ಇದ್ದವನಿಗೂ ಗೊತ್ತಾಗುತ್ತಿತ್ತು.

ವಾಲ್ವ್ ಕೂರಿಸುವ ಕೆಲಸವಂತೂ ನೋಡುತ್ತಲೇ ಇರಬೇಕು. ಗ್ರೈಂಡಿಂಗ್ ಪೇಸ್ಟ್ ಸವರಿ, ರಬ್ಬರ್ ಬಟ್ಟಲಿರುವ ಕೋಲನ್ನು ವಾಲ್ವಿಗೆ ಕಚ್ಚಿಸಿ, ಎರಡು ಅಂಗೈಗಳ ನಡುವೆ ಕಡಗೋಲಿನಂತೆ ಆಡಿಸುವುದು. ಮೊದಲು ಗರಗರ ಸದ್ದು. ಹೊತ್ತು ಹೋದಂತೆ ಅದು ನುಣ್ಣಗಾಗಿ ರೇಷ್ಮೆ ಸವರಿದಂತೆ ಕೇಳುತ್ತದೆ. ಬೆಣ್ಣೆ ಬಂದದ್ದು ಅಜ್ಜಿಗೆ ಸದ್ದಿನಿಂದಲೇ ತಿಳಿಯುತ್ತಿತ್ತಲ್ಲ, ಹಾಗೆ. ಒರೆಸಿ ನೋಡಿದರೆ ಸುತ್ತಲೂ ಎಲ್ಲೂ ಕಡಿಯದ ಬೂದುಬಣ್ಣದ ಉಂಗುರ. ಮೇಲೆ ಸೀಮೆಎಣ್ಣೆ ಸುರಿದು ಒಂದು ಟೀ ಕುಡಿದು ಬರುವಷ್ಟರಲ್ಲಿ ಒಂದು ಹನಿಯೂ ಇಳಿದಿರಬಾರದು.

ಕೊನೆಗೆ ನಾಜಲ್. ಹ್ಯಾಂಡಲ್ ಮೆಲ್ಲಗೆ ತಿರುಗಿಸಿದರೆ, ಡೀಸೆಲ್ ಮಂಜಾಗಿ ಚಿಮ್ಮುವಾಗ, ಒಳಗಿಂದ ‘ಕರ್ರ್’ ಎಂಬ ಸದ್ದು. ಅದು ಕೇಳದೆ ಮಾವ ಎಂಜಿನ್ನು ಚಾಲೂ ಮಾಡಿದ್ದಿಲ್ಲ. ಕೇಳಿತೋ, ವಾಲ್ವಿನ ಲಿವರ್ ಎತ್ತಿ ನಾಲ್ಕು ಸುತ್ತು ಬೀಸಿ ತಿರುಗಿಸಿ ಲಿವರ್ ಬಿಟ್ಟರೆ, ಒಂದು ಕೆಮ್ಮು, ಒಂದು ಹೊಗೆಯುಂಗುರ, ಆಮೇಲೆ ತಮಟೆ.

ಆ ತಮಟೆ ನಿಂತದ್ದು ಎಂಜಿನ್ನು ಕೆಟ್ಟು ಅಲ್ಲ. ಅದು ಓಡಿಸುತ್ತಿದ್ದದ್ದು ಬಾವಿಯ ಪಂಪನ್ನು, ಮೇಲಿಟ್ಟ ಪಂಪು ಸುಮಾರು ಇಪ್ಪತ್ತೈದು ಅಡಿ ಆಳದಿಂದ ಮಾತ್ರ ನೀರೆಳೆದೀತು. ದೇವನಹಳ್ಳಿ, ಹೊಸಕೋಟೆ ಕಡೆಯ ಬಾವಿಗಳಲ್ಲಿ ನೀರು ಇಳಿದಂತೆಲ್ಲ ರೈತರು ಬಾವಿಯೊಳಗೇ ಕಲ್ಲು ಕಡಿದು, ಕಟ್ಟೆ ಮಾಡಿ, ಎಂಜಿನ್ನನ್ನು ಒಂದೊಂದೇ ಮೆಟ್ಟಿಲು ಇಳಿಸಿದರು. ಕಡೆಗೆ ಬಾವಿಯ ತಳವೇ ಬಂತು. ಈಗ ಸಾವಿರ ಅಡಿ ಕೆಳಗಿನ ಬೋರ್‌ವೆಲ್ಲಿನಲ್ಲಿ ಸಬ್‌ಮರ್ಸಿಬಲ್ ಮೋಟರು ತಿರುಗುತ್ತದೆ. ಅದರ ಸದ್ದು ಯಾರಿಗೂ ಕೇಳಿಸದು.

ಕಳೆದ ಆಯುಧಪೂಜೆಗೆ ಹೋಗಿದ್ದೆ. ಲೇತಿಗೆ ವಿಭೂತಿ, ಸೇವಂತಿಗೆ ಹಾರ. ಮೂಲೆಯ ಎಂಜಿನ್ನಿಗೂ ಕುಂಕುಮ ಇಟ್ಟು, ಮಾವ ಹ್ಯಾಂಡಲ್ ಹಿಡಿದು ಮೆಲ್ಲಗೆ ಒಂದು ಸುತ್ತು ತಿರುಗಿಸಿ ಕಿವಿಗೊಟ್ಟರು. ‘ಕರ್ರ್’ ಎಂದಿತು.

“ಬಾಯಿ ಗಟ್ಟಿಯಾಗೈತೆ ಕಣಪ್ಪ,” ಎಂದರು. “ನೀರಿಲ್ಲ, ಅಷ್ಟೆ.”