‘ವಿಲೀನ’ ಶಬ್ದವಿಚಾರ

೧೯೧೩ರಲ್ಲಿ ಸ್ಥಾಪಿತವಾದ ಮೈಸೂರು ಬ್ಯಾಂಕು ೨೦೧೭ನೆಯ ಏಪ್ರಿಲ್ ೧ರಂದು ಭಾರತೀಯ ಸ್ಟೇಟ್ ಬ್ಯಾಂಕಿನೊಡನೆ ಕೂಡಿದುದನ್ನು ಪತ್ರಿಕೆಗಳು ‘ವಿಲೀನ’ವೆಂದು ಕರೆದುವು. ‘ವಿ’ ಉಪಸರ್ಗಪೂರ್ವಕವಾದ ‘ಲೀ’ ಧಾತುವಿನಿಂದ ಸಾಧಿತವಾದ ಈ ಶಬ್ದಕ್ಕೆ ಕರಗಿಹೋದುದೆಂದರ್ಥ. ಹೆಸರಳಿದ ಸಂಸ್ಥೆಗೆ ಇದು ಒಪ್ಪುವುದು. ಅದನ್ನು ನಂಬಿದ ಜನರಿಗೆ ಒಪ್ಪದು. ಅವರಿಗೆ ಸಂಧಿಯ ಪರಿಭಾಷೆಯೇ ಯುಕ್ತ. ಗ್ರಾಹಕನ ಠೇವಣಿ ಇದ್ದಂತೆಯೇ ಉಳಿಯಿತು: ಅದು ಪ್ರಕೃತಿಭಾವ. ಹಳೆಯ ಚೆಕ್ಕುಪುಸ್ತಕದ ಸ್ಥಾನದಲ್ಲಿ ಹೊಸದು ಬಂದಿತು: ಅದು ಆದೇಶ. ಸ್ವಯಂನಿವೃತ್ತಿಯನ್ನು ಒಪ್ಪಿದ ನೌಕರನ ಸ್ಥಾನ ತೆರವಾಯಿತು: ಅದು ಲೋಪ. ಈ ಮೂರನ್ನೂ ಬೇರೆಬೇರೆಯಾಗಿ, ಮುಂಚಿತವಾಗಿ ತಿಳಿಸುವುದೇ ಕೂಡಿಸುವವರ ಕರ್ತವ್ಯ. ‘ವಿಲೀನ’ವೆಂಬ ಒಂದೇ ಮಾತು ಮೂರನ್ನೂ ಮುಚ್ಚುವುದು, ಆಗ ಠೇವಣಿದಾರನು ಉಳಿದುದಕ್ಕೂ ಅಂಜುವನು, ನೌಕರನು ತಾನು ಕಳೆದುಕೊಳ್ಳುವುದೇನೆಂಬುದನ್ನು ಅರಿಯನು. ಶಬ್ದದೋಷವು ಇಲ್ಲಿ ಅರ್ಥದೋಷ ಮಾತ್ರವಲ್ಲ, ವ್ಯವಹಾರದೋಷವೂ ಅಹುದು.