ಮೊಟ್ಟೆ ಹೊರಳದ ಹಾಗೆ

ಅಂಕಲಗಿಯ ಕಬ್ಬಿನ ಸೀಮೆಯಿಂದ ಹೋದ ನಮಗೆ ಕಡಲೆಂದರೆ ಬರೀ ತೆರೆ. ಹೊನ್ನಾವರದ ಕಾಸರಕೋಡ ಟೊಂಕದ ಮೀನುಗಾರರಿಗೆ ಮರಳಿನ ಮೇಲಿನ ಗೀರು ನೋಡಿದರೆ ಸಾಕು, ರಾತ್ರಿ ಕಡಲಾಮೆ ಬಂದು ಹೋದದ್ದು ಗೊತ್ತಾಗುತ್ತದೆ. ಆಲಿವ್ ರಿಡ್ಲೆ ಆಮೆ ಸುಮಾರು ಒಂದೂವರೆ ಅಡಿ ಆಳದಲ್ಲಿ ನೂರರಷ್ಟು ಮೊಟ್ಟೆ ಇಡುತ್ತದೆ. ತೆರೆ ತಾಗುವ ಜಾಗವಾದರೆ ಅವನ್ನು ಬೇರೆಡೆಗೆ ಸಾಗಿಸಬೇಕು. ಆಗ ನೋಡಬೇಕು ಆ ಕೈಗಳನ್ನು! ಬಲೆ ಎಳೆದು ಒರಟಾದ ಬೆರಳುಗಳು ತೊಗಲಿನಂಥ ಮೆತ್ತನೆಯ ಮೊಟ್ಟೆಯನ್ನು ಕಿಂಚಿತ್ತೂ ಹೊರಳದ ಹಾಗೆ ಎತ್ತುತ್ತವೆ. ಹೊರಳಿದರೆ ಒಳಗಿನ ಜೀವ ಉಳಿಯುವುದು ಕಷ್ಟ. ಹೊಸ ಕುಳಿಯೂ ಆಮೆ ತೋಡಿದಂತೆಯೇ: ಕೊರಳು ಕಿರಿದು, ಹೊಟ್ಟೆ ಅಗಲ. ಆ ಕುಳಿಯ ಮರಳು ಬಿಸಿಯೇರಿದಷ್ಟೂ ಹೆಣ್ಣುಮರಿ ಹೆಚ್ಚು. ಮರಿ ಹೊರಬರುವವರೆಗೆ ಅರಣ್ಯ ಇಲಾಖೆಯ ಜೊತೆ 45–60 ದಿನ ಕಾವಲು. ಮರಿಗಳನ್ನು ಎತ್ತಿ ನೀರಿಗೆ ಹಾಕುವುದಿಲ್ಲ, ತಾವೇ ತೆವಳಿ ಹೋಗಬೇಕು. ಬೆಳಕಿಗೆ ಮರಿಗಳು ದಾರಿ ತಪ್ಪುವುದರಿಂದ, ನಡುವೆ ಟಾರ್ಚ್ ಹಾಕಿದವರಿಗೆ ಬೈಗುಳ ತಪ್ಪದು.