ಹಿರಿಯರ ಮಾತಿನಲ್ಲಿ ಮರೆಯಾದ ಮಕ್ಕಳು

ಸದುದ್ದೇಶವೊಂದರಿಂದಲೇ ಸತ್ಕೃತಿ ಹುಟ್ಟಲಾರದೆಂಬುದಕ್ಕೆ ಲೂಯಿಸ್ ಕ್ಯಾರಲ್‌ನ ‘ಸಿಲ್ವಿ ಅಂಡ್ ಬ್ರೂನೋ’ ಕಾದಂಬರಿ ತಕ್ಕ ನಿದರ್ಶನವಾಗಿದೆ. ಆಕ್ಸ್‌ಫರ್ಡಿನಲ್ಲಿ ಗಣಿತದ ಅಧ್ಯಾಪಕನಾಗಿದ್ದ ಈತ 1865ರಲ್ಲಿ ಆಲಿಸಳ ಕಥೆಯನ್ನು ಪ್ರಕಟಿಸಿ ಮಕ್ಕಳ ಮನಸ್ಸನ್ನು ಗೆದ್ದವನು. ಅಲ್ಲಿ ಉಪದೇಶದ ಭಾರವಿಲ್ಲ. ಅದೇ ಲೇಖನಿಯಿಂದ 1889 ಮತ್ತು 1893ರಲ್ಲಿ ಎರಡು ಸಂಪುಟಗಳಾಗಿ, ಒಟ್ಟು 50 ಅಧ್ಯಾಯಗಳಲ್ಲಿ ಹೊರಬಂದ ಈ ಕೃತಿಯಾದರೋ ನಿರಾಶೆಯನ್ನೇ ಉಂಟುಮಾಡುತ್ತದೆ.

ಸಿಲ್ವಿ ಮತ್ತು ಅವಳ ತಮ್ಮ ಬ್ರೂನೋ ಮಾಯಾಲೋಕದ ಮಕ್ಕಳು. 1867ರಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಬಂದ ಸಣ್ಣ ಕಥೆಯೇ ಈ ಕಾದಂಬರಿಗೆ ಬೀಜ. ಆದರೆ ಕಥೆ ಹೇಳುವವನು ವಯಸ್ಕ. ಅವನು ಮಂಪರಿನಿಂದ ಎಚ್ಚೆತ್ತಾಗಲೆಲ್ಲ ಓದುವ ಮಗುವೂ ಮಾಯಾಲೋಕವನ್ನು ತೊರೆದು ಇಂಗ್ಲೆಂಡಿನ ದೊಡ್ಡವರ ನಡುವೆ ಕುಳಿತುಕೊಳ್ಳಬೇಕಾಗುತ್ತದೆ. ದೈವಶ್ರದ್ಧೆಯಿಲ್ಲದ ಎರಿಕ್‌ನೊಡನೆ ಲೇಡಿ ಮ್ಯೂರಿಯಲ್‌ಳ ನಿಶ್ಚಿತಾರ್ಥ ಮುರಿದುಬೀಳುವುದು, ಡಾಕ್ಟರ್ ಆರ್ಥರ್ ಅವಳನ್ನು ವರಿಸಿದೊಡನೆಯೇ ಜ್ವರಪೀಡಿತ ಹಳ್ಳಿಯ ಸೇವೆಗೆ ಹೊರಡುವುದು, ನಡುನಡುವೆ ದಾನ, ಪ್ರಾರ್ಥನೆಗಳನ್ನು ಕುರಿತ ದೀರ್ಘ ಜಿಜ್ಞಾಸೆ — ಇವು ಹೇಯವಾದ ವಿಷಯಗಳೇನಲ್ಲ. ಆರ್ಥರನ ತ್ಯಾಗವಂತೂ ಶ್ಲಾಘ್ಯವೇ. ಆದರೆ ಎಂಟು ವರ್ಷದ ಮಗುವಿಗೆ ಈ ಚರ್ಚೆಗಳಲ್ಲಿ ಪ್ರವೇಶವೆಲ್ಲಿ?

ಹಾಗೆಂದು ಕೃತಿ ಸಂಪೂರ್ಣ ನೀರಸವೆನ್ನಲಾಗದು. ಸತ್ತು ಬಿದ್ದ ಮೊಲವೊಂದನ್ನು ಸಿಲ್ವಿ ಕಾಣುವ ಪ್ರಸಂಗವನ್ನು ಗಮನಿಸಬೇಕು. ಮನುಷ್ಯರು ವಿನೋದಕ್ಕಾಗಿ ಅದನ್ನು ಬೇಟೆಯಾಡುತ್ತಾರೆಂದು ತಿಳಿದಾಗ ಆ ಮಗುವಿನ ದುಃಖ ಕಟ್ಟೆಯೊಡೆಯುತ್ತದೆ. 1875ರಲ್ಲಿ ಜೀವಂತ ಪ್ರಾಣಿಗಳನ್ನು ಕೊಯ್ದು ನಡೆಸುವ ಪ್ರಯೋಗಗಳ ವಿರುದ್ಧ ಲೇಖನ ಬರೆದಿದ್ದ ಕ್ಯಾರಲ್‌ನ ಜೀವದಯೆ ಪ್ರಾಮಾಣಿಕವಾದುದು. ಇಲ್ಲಿ ಅದು ವಾದವಾಗದೆ ಕಣ್ಣೀರಾಗಿದೆ. ಅಹಿಂಸೆಯ ಕುರಿತು ನೂರು ವಾಕ್ಯಗಳು ಮಾಡಲಾರದ ಕೆಲಸವನ್ನು ಈ ಒಂದು ಪ್ರಸಂಗ ಮಾಡುತ್ತದೆ. ಇಂತಹ ಪ್ರಸಂಗಗಳು ವಿರಳವಾಗಿರುವುದೇ ಕೃತಿಯ ದೊಡ್ಡ ಕೊರತೆ.

1904ರಲ್ಲಿ ಕ್ಯಾರಲ್‌ನ ತಮ್ಮ ಎಡ್ವಿನ್, ದೊಡ್ಡವರ ಕಥೆಯನ್ನು ಕೈಬಿಟ್ಟು ಮಕ್ಕಳ ಭಾಗವನ್ನಷ್ಟೇ ಉಳಿಸಿ ಸಂಗ್ರಹ ಆವೃತ್ತಿಯೊಂದನ್ನು ಪ್ರಕಟಿಸಿದನು. ಇದಕ್ಕಿಂತ ಸ್ಪಷ್ಟವಾದ ವಿಮರ್ಶೆ ಬೇಕಿಲ್ಲ.

ಮಕ್ಕಳಿಗಾಗಿ ನೀತಿಕಥೆಗಳನ್ನು ಅಚ್ಚು ಹಾಕಿಸುವವರೂ ಅವುಗಳನ್ನು ಬಹುಮಾನವಾಗಿ ಹಂಚುವವರೂ ಇದನ್ನು ಮನಗಾಣಬೇಕು. ಪುಸ್ತಕದಲ್ಲಿ ಎಷ್ಟು ಧರ್ಮವಿಷಯಗಳಿವೆ ಎಂದು ಎಣಿಸಿದರೆ ಸಾಲದು. ಅವುಗಳಲ್ಲಿ ಎಷ್ಟು ಮಗುವಿನ ಅನುಭವಕ್ಕೆ ನಿಲುಕುತ್ತವೆ ಎಂದೂ ತೂಗಿ ನೋಡಬೇಕು. ಹಿರಿಯರಿಗೆ ತೃಪ್ತಿ ಕೊಟ್ಟ ಪುಸ್ತಕ ಮಗುವಿನ ಕೈಯಿಂದ ಜಾರಿ ಕಪಾಟು ಸೇರಿದರೆ, ಅದರೊಳಗಿನ ನೀತಿಯೂ ಅಲ್ಲಿಯೇ ಉಳಿಯುತ್ತದೆ.